ಆ ಮಾರ್ಬಲ್ ಪಾತ್ರೆಯಲ್ಲಿ ಎಷ್ಟು ಲೀಟರ್ ವೈನ್ ಹಿಡಿಯುತ್ತಿತ್ತು?

ಪ್ಯಾರಿಸ್‌ಗೆ ಹೋಗಿ ಬಂದವರು ತಪ್ಪದೆ ಕೇಳುವ ಪ್ರಶ್ನೆ ಇದು. ಲೂವ್ರ್ ಮ್ಯೂಸಿಯಂನಲ್ಲಿ ಬೋರ್ಗೀಸೆ ಪಾತ್ರೆ ಅಂತ ಒಂದಿದೆ. ಎತ್ತರ ಸುಮಾರು 1.7 ಮೀಟರ್, ಅಂದರೆ ಆಳೆತ್ತರ. 1566ರಲ್ಲಿ ರೋಮ್‌ನ ಹಳೆಯ ತೋಟವೊಂದರ ಜಾಗದಲ್ಲಿ ಸಿಕ್ಕಿದ್ದು. ಅದರ ಮುಂದೆ ಫೋಟೋ ತೆಗೆಸಿಕೊಂಡು ಬಂದು, 'ಇದರಲ್ಲಿ ಎಷ್ಟು ವೈನ್ ತುಂಬಿಡುತ್ತಿದ್ದರು?' ಎನ್ನುತ್ತಾರೆ.

ಒಂದು ಲೋಟವೂ ಇಲ್ಲ. ಎಷ್ಟು ಸಲ ಹೇಳಿದ್ದೇನೋ, ಇವತ್ತು ಕೊನೆಯವರೆಗೂ ಬಿಡಿಸಿ ಹೇಳಿಬಿಡುತ್ತೇನೆ.

ತಪ್ಪು ತಿಳಿಯೋದಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಪಾತ್ರೆಯ ಆಕಾರ 'ಕ್ರೇಟರ್'ನದು. ಗ್ರೀಕರು ಔತಣದಲ್ಲಿ ವೈನ್‌ಗೆ ನೀರು ಬೆರೆಸುತ್ತಿದ್ದ ಅಗಲ ಬಾಯಿಯ ಪಾತ್ರೆ ಅದು. ಸುತ್ತ ಕೆತ್ತಿರುವುದೂ ವೈನ್ ದೇವರು ಡಯೋನೈಸಸ್‌ನ ಗುಂಪನ್ನೇ. ಹತ್ತಿರ ಹೋಗಿ ನೋಡಿ: ಕುಡಿದು ತೂರಾಡುವ ಮುದುಕ ಸೈಲೆನಸ್‌ನ ಕೈಯಿಂದ ಬಟ್ಟಲು ಜಾರಿದೆ, ಅವನು ಅದಕ್ಕಾಗಿ ಬಾಗಿದ್ದಾನೆ, ಪಕ್ಕದವನು ಬೀಳದ ಹಾಗೆ ಹಿಡಿದುಕೊಂಡಿದ್ದಾನೆ. ಇಷ್ಟೆಲ್ಲ ನೋಡಿದ ಮೇಲೆ ಯಾರಿಗಾದರೂ ವೈನ್ ನೆನಪಾಗುತ್ತೆ, ಅಲ್ವಾ?

ಆದರೆ ನಿಮ್ಮ ಅಡುಗೆಮನೆ ಕಟ್ಟೆ ಮಾರ್ಬಲ್‌ನದಾಗಿದ್ದರೆ ಉತ್ತರ ಅಲ್ಲೇ ಇದೆ. ಹಿಂಡಿದ ನಿಂಬೆ ಹೋಳು ಒಂದು ರಾತ್ರಿ ಅದರ ಮೇಲೆ ಬಿದ್ದಿರಲಿ. ಬೆಳಗ್ಗೆ ಅಷ್ಟು ಜಾಗದ ಹೊಳಪು ಹೋಗಿರುತ್ತದೆ, ಎಷ್ಟು ಉಜ್ಜಿದರೂ ಬರೋದಿಲ್ಲ. ಅದು ಕಲೆ ಅಲ್ಲ, ಹುಳಿ ಕಲ್ಲನ್ನೇ ತಿಂದಿರುತ್ತದೆ. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ವೈನ್‌ನಲ್ಲಿರುವುದು ಹುಳಿ. ತುಂಬಿಟ್ಟರೆ ಕಲ್ಲೂ ಕೆಡುತ್ತದೆ, ವೈನ್‌ನ ರುಚಿಯೂ ಕೆಡುತ್ತದೆ. ಅದೂ ಅಲ್ಲದೆ ಆಳೆತ್ತರದ, ಮುಚ್ಚಳವಿಲ್ಲದ ಪಾತ್ರೆಯಿಂದ ವೈನ್ ತೆಗೆಯುವುದು ಹೇಗೆ? ಏಣಿ ಹಾಕಿಯೇ? ರೋಮನ್ನರು ವೈನ್ ಇಡುತ್ತಿದ್ದದ್ದು ಮಣ್ಣಿನ ಪಾತ್ರೆಗಳಲ್ಲಿ. ಸಾಗಿಸೋಕೆ ಕಿರಿದಾದ ಬಾಯಿಯ ಆಂಫೊರಾ, ಕೂಡಿಡೋಕೆ ಕಾಳು ತುಂಬಿಡುವ ನಮ್ಮ ಮಣ್ಣಿನ ವಾಡೆಯಂಥ ದೊಡ್ಡ ಡೋಲಿಯಂ. ಡೋಲಿಯಂ ಅನ್ನು ಎಷ್ಟೋ ಕಡೆ ಕುತ್ತಿಗೆವರೆಗೆ ನೆಲದಲ್ಲಿ ಹೂಳುತ್ತಿದ್ದರು.

ಹಾಗಂತ ಕಲ್ಲಿನ ಪಾತ್ರೆಯಲ್ಲಿ ಏನನ್ನೂ ಇಡುತ್ತಿರಲಿಲ್ಲ ಅಂತಲ್ಲ. ಸುಗಂಧ ತೈಲಕ್ಕೆ ಅಲಾಬಾಸ್ಟರ್ ಕಲ್ಲಿನ ಡಬ್ಬಿಯೇ ಒಳ್ಳೆಯದು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ನೀರಿಗೂ ತೊಂದರೆಯಿಲ್ಲ. ಇಟಲಿಯ ಹಳೆಯ ರೋಮನ್ ಊರು ಪೊಂಪೆಯ ಫೋರಂ ಸ್ನಾನಗೃಹದಲ್ಲಿ ಅಗಲವಾದ ಮಾರ್ಬಲ್ ತೊಟ್ಟಿಯೊಂದು ಇವತ್ತಿಗೂ ಇದೆ. ಅದರ ಅಂಚಿನಲ್ಲಿ ಬೆಲೆಯನ್ನೂ ಬರೆಸಿದ್ದಾರೆ: 5,250 ಸೆಸ್ಟರ್ಸ್ (ರೋಮನ್ ನಾಣ್ಯ).

ಇನ್ನು ಒಳಗೆ ಟೊಳ್ಳೇ ಇಲ್ಲದ ಪಾತ್ರೆಗಳಿವೆ! ಕ್ರಿ.ಪೂ. 4ನೇ ಶತಮಾನದ ಅಥೆನ್ಸ್‌ನಲ್ಲಿ ಸಮಾಧಿಯ ಮೇಲೆ ಮಾರ್ಬಲ್ ಲೆಕಿಥೊಸ್ ನಿಲ್ಲಿಸುತ್ತಿದ್ದರು. ಲೆಕಿಥೊಸ್ ಅಂದರೆ ಎಣ್ಣೆಯ ಗಿಂಡಿ. ಕಲ್ಲಿನ ಗಿಂಡಿಗಳಲ್ಲಿ ಎಷ್ಟೋ ಗಟ್ಟಿ ಕಲ್ಲೇ, ಒಂದು ಹನಿ ಎಣ್ಣೆಗೂ ಜಾಗವಿಲ್ಲ. ಮದುವೆಯಾಗದೆ ಸತ್ತವರಿಗೆ ಬೇರೆಯದೇ ಪಾತ್ರೆ: ಲೂಟ್ರೊಫೊರೊಸ್. ಮದುವೆ ದಿನದ ಸ್ನಾನಕ್ಕೆ ನೀರು ತರುವ ಉದ್ದ ಕುತ್ತಿಗೆಯ ಕೊಡ ಅದು. ಬದುಕಿದ್ದಾಗ ಆಗದ ಆ ಸ್ನಾನದ ಗುರುತನ್ನು ಸಮಾಧಿಯ ಮೇಲೆ ಕಲ್ಲಿನಲ್ಲಿ ನಿಲ್ಲಿಸುತ್ತಿದ್ದರು. ಇದನ್ನು ಪಾಠ ಮಾಡುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ಪಾತ್ರೆಯ ಆಕಾರವೇ ಇಲ್ಲಿ ಮಾತಾಡುತ್ತದೆ, ಒಳಗೆ ಏನೂ ತುಂಬಬೇಕಾಗಿಲ್ಲ.

ಬೋರ್ಗೀಸೆ ಪಾತ್ರೆಯದೂ ಹಾಗೆಯೇ. ಶ್ರೀಮಂತರ ತೋಟದಲ್ಲಿ ಡಯೋನೈಸಸ್‌ನ ಹಬ್ಬದ ಕಳೆ ತರಲಿ ಅಂತ ನಿಲ್ಲಿಸಿದ್ದು. ಅಥೆನ್ಸ್‌ನ ಕಾರ್ಖಾನೆಗಳು ಇಂಥವನ್ನು ರೋಮನ್ ಗಿರಾಕಿಗಳಿಗಾಗಿಯೇ ಮಾಡುತ್ತಿದ್ದವು. ರೋಮ್‌ನ ಹೆಸರಾಂತ ವಾಗ್ಮಿ ಸಿಸೆರೊ ಕೂಡ ತನ್ನ ತೋಟದ ಮನೆಗೆ ಕೆತ್ತನೆಯಿರುವ ಬಾವಿಕಟ್ಟೆ ಎರಡು ಕಳಿಸು ಅಂತ ಅಥೆನ್ಸ್‌ನಲ್ಲಿದ್ದ ಗೆಳೆಯ ಅಟ್ಟಿಕಸ್‌ಗೆ ಬರೆದಿದ್ದ. ಹಾಗೆ ಹೊರಟ ಸರಕೆಲ್ಲ ದಡ ಸೇರುತ್ತಿರಲಿಲ್ಲ. 1907ರಲ್ಲಿ ಟ್ಯುನೀಶಿಯಾದ ಮಹ್ದಿಯಾ ಹತ್ತಿರ, ಸ್ಪಂಜು ತೆಗೆಯಲು ಮುಳುಗಿದವರಿಗೆ ಸಮುದ್ರದ ತಳದಲ್ಲಿ ಕಂಬಗಳ ಸಾಲು ಕಂಡಿತು. ಕ್ರಿ.ಪೂ. 1ನೇ ಶತಮಾನದಲ್ಲಿ ಮುಳುಗಿದ ಹಡಗು ಅದು. 60ಕ್ಕೂ ಜಾಸ್ತಿ ಮಾರ್ಬಲ್ ಕಂಬಗಳ ಜೊತೆಗೆ ಬೋರ್ಗೀಸೆ ಪಾತ್ರೆಯ ಜಾತಿಯ ಕ್ರೇಟರ್‌ಗಳೂ ಅದರಲ್ಲಿದ್ದವು.

ಯಾರೂ ಕೇಳಲಿಲ್ಲ, ಆದರೂ ಹೇಳದೆ ಇರಲಾರೆ: ತೋಟಗಳು ಹಾಳಾದ ಮೇಲೆ ಈ ಪಾತ್ರೆಗಳು ಏನಾದವು? ಅಥೆನ್ಸ್‌ನ ಶಿಲ್ಪಿ ಸಾಲ್ಪಿಯೋನ್ ತನ್ನ ಹೆಸರು ಕೆತ್ತಿದ ಕ್ರೇಟರ್ ಒಂದು ಇಟಲಿಯ ಗಾಯೆಟಾದಲ್ಲಿತ್ತು. ದೇವತೆಗಳ ದೂತ ಹರ್ಮೀಸ್, ಇನ್ನೂ ಮಗುವಾಗಿದ್ದ ಡಯೋನೈಸಸ್‌ನನ್ನು ಅಪ್ಸರೆಯ ಕೈಗೆ ಕೊಡುವ ದೃಶ್ಯ ಅದರ ಮೇಲಿದೆ. ಬಂದರಿನಲ್ಲಿ ಅದಕ್ಕೆ ದೋಣಿ ಕಟ್ಟುತ್ತಿದ್ದರಂತೆ. ಆಮೇಲೆ ಅಲ್ಲಿನ ದೊಡ್ಡ ಚರ್ಚ್‌ನಲ್ಲಿ ಶಿಶುಗಳ ದೀಕ್ಷಾಸ್ನಾನದ ತೊಟ್ಟಿಯಾಯಿತು. ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಹೋದರೆ ಬಾಯೊಳಗೆ ಇಣುಕುವುದು ಬಿಡಿ. ಹೊರಗಿನ ಆ ಚೆಲುವಾದ ಮೈಗಳ ಮೇಲೆ ಹಗ್ಗ ಉಜ್ಜಿ ಬಿದ್ದ ಗೀರುಗಳಿವೆ, ಅವನ್ನು ನೋಡಿ.