ಪದ ಪರಿಚಯ: ಎಎಂಸಿ, ಅಂದರೆ ಮಿಲಿಟರಿ ಡಾಕ್ಟರಿಕೆ

ದಾವಣಗೆರೆಯಲ್ಲಿ ಎಂಬಿಬಿಎಸ್ ಓದಿ ಹೌಸ್ ಸರ್ಜನ್ ಆಗಿರುವ ಹುಡುಗ ಹುಡುಗಿಯರನ್ನು ಮುಂದೇನು ಅಂತ ಕೇಳಿ ನೋಡಿ. ಸ್ನಾತಕೋತ್ತರ (ಪಿಜಿ) ಸೀಟಿಗೆ ನೀಟ್ ಪಿಜಿ ಪರೀಕ್ಷೆ ಬರೀಬೇಕು, ಆಮೇಲೆ ಸಾಲ ಮಾಡಿಯಾದರೂ ಒಂದು ನರ್ಸಿಂಗ್ ಹೋಂ. ಎಎಂಸಿ ಅನ್ನುವ ಹೆಸರು ಬಾಯಿಗೆ ಬರುವುದೇ ಅಪರೂಪ. ಬಂದರೂ ಮನೆಯವರು ವಾಷಿಂಗ್ ಮಷೀನಿನ ವಾರ್ಷಿಕ ಸರ್ವಿಸ್ ಅಂದುಕೊಳ್ಳುತ್ತಾರೆ.

ಎಎಂಸಿ ಅಂದರೆ ಆರ್ಮಿ ಮೆಡಿಕಲ್ ಕಾರ್ಪ್ಸ್. ಸೈನ್ಯದ ವೈದ್ಯರ ದಳ. 1943ರ ಏಪ್ರಿಲ್ 3ರಂದು, ಬೇರೆ ಬೇರೆ ಇದ್ದ ವೈದ್ಯಕೀಯ ವಿಭಾಗಗಳನ್ನು ಸೇರಿಸಿ ಕಟ್ಟಿದ್ದು. ಪಿಯುಸಿ ಆದಮೇಲೆ ಪುಣೆಯ ಸೈನ್ಯದ ಮೆಡಿಕಲ್ ಕಾಲೇಜು ಎಎಫ್‌ಎಂಸಿ ಸೇರಬಹುದು. ಇಲ್ಲಾಂದ್ರೆ ನಮ್ಮ ದಾವಣಗೆರೆಯ ಜೆಜೆಎಂನಂಥ ಮೆಡಿಕಲ್ ಕಾಲೇಜಿನಲ್ಲೇ ಓದಿ ಶಾರ್ಟ್ ಸರ್ವಿಸ್ ಕಮಿಷನ್‌ಗೆ, ಅಂದರೆ ಕೆಲವು ವರ್ಷಗಳ ಅಧಿಕಾರಿ ಹುದ್ದೆಗೆ, ಅರ್ಜಿ ಹಾಕಬಹುದು. ಹಾಗೆ ಸೇರಿದವರು ಮೊದಲ ದಿನದಿಂದಲೇ ಕ್ಯಾಪ್ಟನ್.

ಲಾಭ ಏನು? ಸಂಬಳ, ಕ್ವಾರ್ಟರ್ಸ್, ಕ್ಯಾಂಟೀನ್ ಎಲ್ಲ ಇದೆ, ಸರಿ. ಆದರೆ ನನ್ನ ಪ್ರಕಾರ ದೊಡ್ಡ ಲಾಭ ಬೇರೆ: ಪೇಷೆಂಟಿನ ಜೇಬು ನೋಡಬೇಕಾಗಿಲ್ಲ. ಚಳ್ಳಕೆರೆ ಕಡೆಯ ರೈತನೊಬ್ಬ ಎದೆನೋವು ಅಂತ ಬಂದರೆ ಇಲ್ಲಿನ ಖಾಸಗಿ ಡಾಕ್ಟರು ಇಸಿಜಿ ನೋಡುತ್ತಲೇ ಕಾರ್ಡ್ ಇದೆಯಾ, ಜೊತೆಗೆ ಯಾರಿದ್ದಾರೆ, ಎಷ್ಟು ಹೊಂದಿಸಬಹುದು ಅಂತ ಲೆಕ್ಕ ಹಾಕಲೇಬೇಕು, ಅದು ಅವರ ತಪ್ಪೂ ಅಲ್ಲ. ಸೈನ್ಯದಲ್ಲಿ ಜವಾನ, ಅವನ ಹೆಂಡತಿ ಮಕ್ಕಳು, ಅವನನ್ನೇ ನಂಬಿದ ಅಪ್ಪ ಅಮ್ಮ, ಎಲ್ಲರಿಗೂ ಚಿಕಿತ್ಸೆ ಉಚಿತ. ಡಾಕ್ಟರು ಸ್ಕ್ಯಾನ್ ಬರೆದರೂ ಅಷ್ಟೇ ಸಂಬಳ, ಬರೆಯದಿದ್ದರೂ ಅಷ್ಟೇ. ಸ್ಕ್ಯಾನ್ ಸೆಂಟರಿನ ಕಮಿಷನ್ ಮಾತೇ ಇಲ್ಲ.

ಕೆಲಸವೂ ಬೇರೆ ಥರ. ರೆಜಿಮೆಂಟಿನ ಡಾಕ್ಟರಿಗೆ ಆರ್‌ಎಂಒ ಅನ್ನುತ್ತಾರೆ, ಅವರ ಕ್ಲಿನಿಕ್ಕಿಗೆ ಎಂಐ ರೂಮ್. ಜ್ವರ, ಉಳುಕು ನೋಡುವುದರ ಜೊತೆಗೆ ಜವಾನರ ಅಡುಗೆಮನೆ, ಕುಡಿಯುವ ನೀರು, ಬಾಣಸಿಗನ ಉಗುರು ಕೂಡ ಅವರೇ ನೋಡಬೇಕು. ಕಾಯಿಲೆ ಬರುವ ಮೊದಲೇ ತಡೆಯುವ ಅಧಿಕಾರ ನಮ್ಮೂರಲ್ಲಿ ಎಷ್ಟು ಡಾಕ್ಟರಿಗಿದೆ ಹೇಳಿ! ಇನ್ನು ಸಿಯಾಚಿನ್‌ನಂಥ ಎತ್ತರದಲ್ಲಿ ಗಟ್ಟಿಮುಟ್ಟಾದ ಹುಡುಗನಿಗೂ ಶ್ವಾಸಕೋಶದಲ್ಲಿ ನೀರು ತುಂಬಿ, ಕೆಮ್ಮಿದರೆ ನೊರೆ ಬರುತ್ತದೆ. ಆಕ್ಸಿಜನ್ ಕೊಟ್ಟು ಬೇಗ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಅಲ್ಲಿಂದ ಹೆಲಿಕಾಪ್ಟರ್, ಫೀಲ್ಡ್ ಆಸ್ಪತ್ರೆ, ಬೇಸ್ ಆಸ್ಪತ್ರೆ, ಬೇಕಾದರೆ ಕಮಾಂಡ್ ಆಸ್ಪತ್ರೆವರೆಗೂ ಒಂದೇ ವ್ಯವಸ್ಥೆ. ಆಂಬುಲೆನ್ಸ್ ಹತ್ತಿಸಿ, ಬೆಂಗಳೂರಿನಲ್ಲಿ ಬೆಡ್ ಸಿಗುತ್ತೋ ಇಲ್ವೋ ಅಂತ ಫೋನ್ ಹಿಡಿದು ಕೂರಬೇಕಾಗಿಲ್ಲ.

ಓದುವ ಆಸೆ ಇದ್ದವರಿಗೆ ಇನ್ನೊಂದು ಮಾತು. ಖಾಯಂ ಕಮಿಷನ್, ಅಂದರೆ ನಿವೃತ್ತಿವರೆಗಿನ ಅಧಿಕಾರಿ ಹುದ್ದೆ, ಇರುವವರಿಗೆ ಸಂಬಳದ ಜೊತೆಗೇ ಪಿಜಿ ಮಾಡುವ ಅವಕಾಶ ಇದೆ.

ಕಷ್ಟ ಇಲ್ವಾ? ಇದೆ. ಕೆಲವೇ ವರ್ಷಕ್ಕೊಮ್ಮೆ ವರ್ಗಾವಣೆ, ಮಕ್ಕಳ ಶಾಲೆ ಬದಲು, ಹೊರಗೆ ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಚೆನ್ನಾಗಿ ಓಡುವ ನರ್ಸಿಂಗ್ ಹೋಂನಷ್ಟು ದುಡ್ಡಂತೂ ಸಿಗಲ್ಲ. ಜವಾನರು ಹೆಚ್ಚಾಗಿ ಆರೋಗ್ಯವಂತ ಹುಡುಗರು, ಹಾಗಾಗಿ ಘಟಕದಲ್ಲಿದ್ದಾಗ ತರಹೇವಾರಿ ಕಾಯಿಲೆ ನೋಡಲು ಸಿಗುವುದೂ ಕಡಿಮೆ.

ಶಾರ್ಟ್ ಸರ್ವಿಸ್‌ಗೆ ವಯಸ್ಸಿನ ಮಿತಿ ಇದೆ, ಫೈನಲ್ ಎಂಬಿಬಿಎಸ್ಸನ್ನು ಎರಡು ಪ್ರಯತ್ನದೊಳಗೆ ಪಾಸ್ ಮಾಡಿರಬೇಕು. ಪಿಜಿ ಸೀಟಿಗಾಗಿ ವರ್ಷಗಟ್ಟಲೆ ಕಾದು, ಆಮೇಲೆ ನೋಡೋಣ ಅನ್ನುವವರು ಈ ಲೆಕ್ಕ ಈಗಲೇ ಹಾಕಿಕೊಳ್ಳಿ.