‘ನಾವೊಸ್’ ಅಂದರೆ ಗರ್ಭಗುಡಿ ಅಲ್ಲ

ಓದುಗರ ಪ್ರಶ್ನೆ: ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ದೇವಾಲಯಕ್ಕೆ ‘ನಾವೊಸ್’ ಎಂಬ ಗ್ರೀಕ್ ಪದ ಇದೆಯಂತೆ. ಅದರ ನಿಜವಾದ ಅರ್ಥ ಮಹಾಪವಿತ್ರಸ್ಥಾನ, ಅಂದರೆ ಗರ್ಭಗುಡಿ ಎಂದು ಚರ್ಚಿನ ಒಂದು ಪ್ರಸಂಗದಲ್ಲಿ ಕೇಳಿದೆ. ಹೌದಾ?

ಅಲ್ಲ.

ಈ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ. ಬೈಬಲ್ ಅಧ್ಯಯನ ಮುಗಿದ ಮೇಲೆ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಾರೆ, ಮದುವೆ ಮನೆಯ ಊಟದ ಸಾಲಿನಲ್ಲೂ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಒಂದೇ ಕಡೆ ಪೂರ್ತಿ ಬರೆದುಬಿಡುತ್ತೇನೆ. ಬೈಬಲ್ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಮೊದಲು ಇದರಲ್ಲಿ ಸರಿ ಇರುವಷ್ಟನ್ನು ಹೇಳುತ್ತೇನೆ. ನಮ್ಮ ಕನ್ನಡ ಬೈಬಲ್ಲಿನಲ್ಲಿ ‘ದೇವಾಲಯ’ ಎಂದು ಇರುವ ಕಡೆ ಗ್ರೀಕಿನಲ್ಲಿ ಮುಖ್ಯವಾಗಿ ಎರಡು ಪದ ಬರುತ್ತವೆ. ಒಂದು ‘ಹಿಯೆರೊನ್’, ಇನ್ನೊಂದು ‘ನಾವೊಸ್’. ಹಿಯೆರೊನ್ ಹೊಸ ಒಡಂಬಡಿಕೆಯಲ್ಲಿ ಸುಮಾರು 70 ಸಲ, ನಾವೊಸ್ ಸುಮಾರು 45 ಸಲ ಬರುತ್ತದೆ. ‘ಹಿಯೆರೊಸ್’ ಅಂದರೆ ಪವಿತ್ರ. ಆದ್ದರಿಂದ ಹಿಯೆರೊನ್ ಅಂದರೆ ದೇವರಿಗೆಂದು ಬಿಟ್ಟ ಜಾಗ. ನಾವೊಸ್ ಪದವನ್ನು ‘ನಾಯೊ’, ಅಂದರೆ ವಾಸಮಾಡು ಎಂಬ ಕ್ರಿಯಾಪದದ ಜೊತೆ ಸೇರಿಸುತ್ತಾರೆ. ದೇವರು ಇರುವ ಮನೆ ಎಂದು ಅರ್ಥ. ಸಂಸ್ಕೃತದಿಂದ ಬಂದ ನಮ್ಮ ‘ಆಲಯ’ಕ್ಕೂ ಇದೇ ಅರ್ಥ ಅಲ್ವಾ? ದೇವ ಆಲಯ, ದೇವರ ವಾಸದ ಮನೆ. ನಮ್ಮ ಅನುವಾದಕರಿಗೆ ಸಿಕ್ಕ ಪದ ನಾವೊಸ್‌ಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಅದನ್ನೇ ಹಿಯೆರೊನ್‌ಗೂ ಬಳಸಿದ್ದರಿಂದ ಎರಡರ ನಡುವಿನ ಗೆರೆ ಕನ್ನಡದಲ್ಲಿ ಕಾಣುವುದಿಲ್ಲ, ಅಷ್ಟೇ.

ಗೆರೆ ಇರುವುದು ನಿಜ. ಹೆರೋದ ರಾಜ ಯೆರೂಸಲೇಮಿನ ದೇವಾಲಯಕ್ಕೆಂದು ದೊಡ್ಡದು ಮಾಡಿಸಿದ ಜಗಲಿಯೇ ಸುಮಾರು 36 ಎಕರೆ. ಸುತ್ತ ಕಂಬಸಾಲು, ನಡುವೆ ಯಾರು ಬೇಕಾದರೂ ಬರಬಹುದಾದ ಹೊರಗಿನ ಅಂಗಳ, ಆಮೇಲೆ ಹೆಂಗಸರ ಅಂಗಳ, ಇಸ್ರಾಯೇಲ್ಯ ಗಂಡಸರ ಅಂಗಳ, ಬಲಿಪೀಠ ಇದ್ದ ಯಾಜಕರ ಅಂಗಳ. ಇದೆಲ್ಲ ದಾಟಿದ ಮೇಲೆ ಚಾವಣಿ ಇರುವ ಆ ಕಟ್ಟಡ. ಹನ್ನೆರಡು ವರ್ಷದ ಯೇಸು ಬೋಧಕರ ನಡುವೆ ಕೂತಿದ್ದದ್ದು ಹಿಯೆರೊನ್‌ನಲ್ಲಿ. ಚಿನಿವಾರರ ಮೇಜು ಕೆಡವಿದ್ದು ಹಿಯೆರೊನ್‌ನಲ್ಲಿ. ದಿನಾ ಬೋಧಿಸಿದ್ದೂ ಅಲ್ಲೇ. ಯೇಸು ನಾವೊಸ್ ಒಳಗೆ ಹೋದನೆಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಅವನು ಯೂದ ಕುಲದವನು. ಆ ಕಟ್ಟಡದೊಳಗೆ ಹೋಗುವುದು ಯಾಜಕರ ಪಾಲಿನ ಕೆಲಸ. ಇಷ್ಟರ ಮಟ್ಟಿಗೆ ಪ್ರಸಂಗದಲ್ಲಿ ಕೇಳಿದ್ದು ಸರಿ.

ತಪ್ಪು ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ‘ನಾವೊಸ್ ಕಟ್ಟಡ’ ಎನ್ನುವುದನ್ನು ‘ನಾವೊಸ್ ಕಟ್ಟಡದ ಒಳಗಿನ ಕಟ್ಟಕಡೆಯ ಕೋಣೆ’ ಎಂದು ಮಾಡಿಬಿಡುತ್ತಾರೆ. ಅದಕ್ಕೆ ‘ಗರ್ಭಗುಡಿ’ ಎಂಬ ಹೆಸರೂ ಸೇರಿದರೆ ಮುಗಿಯಿತು. ಕೇಳುವವರಿಗೆ ಮೈ ಜುಮ್ಮೆನ್ನುತ್ತದೆ, ಮಾತು ಮನಸ್ಸಿನಲ್ಲಿ ನಿಂತುಬಿಡುತ್ತದೆ. ಆಮೇಲೆ ಅದನ್ನು ಕೀಳುವುದು ಬಹಳ ಕಷ್ಟ.

ಲೂಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆಯಿರಿ. ಜಕರೀಯ ಒಬ್ಬ ಸಾಮಾನ್ಯ ಯಾಜಕ, ಮಹಾಯಾಜಕನಲ್ಲ. ಚೀಟಿ ಹಾಕಿದಾಗ ಧೂಪ ಹಾಕುವ ಕೆಲಸ ಅವನಿಗೆ ಬಂತು. ಅವನು ಒಳಗೆ ಹೋದ. ಎಲ್ಲಿಗೆ? 9ನೇ ವಚನದ ಗ್ರೀಕಿನಲ್ಲಿ ಇರುವುದು ‘ನಾವೊಸ್’. ಜನ ಹೊರಗೆ ಪ್ರಾರ್ಥನೆ ಮಾಡುತ್ತಾ ನಿಂತಿದ್ದಾರೆ. ಒಳಗೆ ಧೂಪವೇದಿಯ ಬಲಗಡೆ ದೇವದೂತ ಕಾಣಿಸುತ್ತಾನೆ. ತಡವಾಯಿತಲ್ಲ ಎಂದು ಹೊರಗಿನವರು ಆಶ್ಚರ್ಯಪಡುತ್ತಾರೆ. ಅಲ್ಲೂ, 21ನೇ ವಚನದಲ್ಲಿ, ಮತ್ತೆ ನಾವೊಸ್. ಹೊರಗೆ ಬಂದವನಿಗೆ ಮಾತೇ ಬರುವುದಿಲ್ಲ.

ಧೂಪವೇದಿ ಇದ್ದದ್ದು ಎಲ್ಲಿ? ವಿಮೋಚನಕಾಂಡ 30ನೇ ಅಧ್ಯಾಯ ನೋಡಿ. ಒಳಕೋಣೆಯ ಮುಂದೆ ಇಳಿಬಿಟ್ಟ ತೆರೆಯ ಈಚೆ, ಪವಿತ್ರಸ್ಥಾನದಲ್ಲಿ. ಅಲ್ಲಿಗೆ ಯಾಜಕರು ದಿನಾ ಬೆಳಗ್ಗೆ, ಸಂಜೆ ಹೋಗುತ್ತಿದ್ದರು. ತೆರೆಯ ಆಚೆಗಿನ ಮಹಾಪವಿತ್ರಸ್ಥಾನಕ್ಕೆ ಮಹಾಯಾಜಕನೊಬ್ಬನೇ, ಅದೂ ವರ್ಷದಲ್ಲಿ ಒಂದೇ ದಿನ, ದೋಷಪರಿಹಾರಕ ದಿನದಂದು ಹೋಗಬಹುದಿತ್ತು. ನಾವೊಸ್ ಅಂದರೆ ಮಹಾಪವಿತ್ರಸ್ಥಾನ ಎನ್ನುವುದಾದರೆ ಜಕರೀಯ ಅಲ್ಲಿಗೆ ಹೋಗಲೇಬಾರದಿತ್ತು. ಇದೊಂದೇ ಸಾಕ್ಷಿ ಸಾಕು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಆದರೂ ‘ಅದೊಂದು ಕಡೆ ಹಾಗಿರಬಹುದು ಸಾರ್’ ಎನ್ನುತ್ತಾರೆ. ಹಾಗಾದರೆ ಇನ್ನೂ ನೋಡೋಣ.

ಹಳೆಯ ಒಡಂಬಡಿಕೆಯನ್ನು ಯೆಹೂದ್ಯರೇ ಕ್ರಿಸ್ತನಿಗಿಂತ ಮುಂಚೆ ಗ್ರೀಕಿಗೆ ತಂದಿದ್ದರು. ಸೊಲೊಮೋನನ ಆಲಯವನ್ನು ಹೇಳುವಾಗ (1 ಅರಸುಗಳು 6) ಹೀಬ್ರುವಿನಲ್ಲಿ ಎರಡು ಭಾಗಕ್ಕೆ ಎರಡು ಹೆಸರಿವೆ. ಮುಂದಿನ 40 ಮೊಳದ ದೊಡ್ಡ ಕೋಣೆ ‘ಹೇಖಾಲ್’. ಒಳಗಿನ 20 ಮೊಳದ ಕೋಣೆ ‘ದೆಬೀರ್’. ದೇವರ ಒಡಂಬಡಿಕೆಯ ಪೆಟ್ಟಿಗೆ, ಅಂದರೆ ಮಂಜೂಷ, ಇಟ್ಟಿದ್ದು ದೆಬೀರ್ ಒಳಗೆ. ಗ್ರೀಕ್ ಅನುವಾದಕರು ಸಾಮಾನ್ಯವಾಗಿ ನಾವೊಸ್ ಎಂದು ಬರೆದದ್ದು ಹೇಖಾಲ್‌ಗೆ. ದೆಬೀರ್‌ಗೆ ಏನು ಮಾಡಿದರು ಗೊತ್ತಾ? ಹೀಬ್ರು ಪದವನ್ನೇ ಗ್ರೀಕ್ ಅಕ್ಷರದಲ್ಲಿ ‘ದಬೀರ್’ ಎಂದು ಹಾಗೇ ಇಟ್ಟುಬಿಟ್ಟರು. ನಾವೊಸ್ ಪದಕ್ಕೆ ಒಳಕೋಣೆ ಎಂಬ ಅರ್ಥ ಇದ್ದಿದ್ದರೆ ಅದನ್ನು ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಅವರು ಹಾಕಲಿಲ್ಲ. ಇಬ್ರಿಯರಿಗೆ ಬರೆದ ಪತ್ರವೂ ಅಷ್ಟೇ. 9ನೇ ಅಧ್ಯಾಯದಲ್ಲಿ ಒಳಕೋಣೆಯ ವಿಷಯ ಬಂದಾಗ ಅದಕ್ಕೆ ಬೇರೆಯದೇ ಹೆಸರು, ‘ಹಾಗಿಯಾ ಹಾಗಿಯೋನ್’. ಇಡೀ ಪತ್ರದಲ್ಲಿ ನಾವೊಸ್ ಒಂದು ಸಲವೂ ಬರುವುದಿಲ್ಲ.

ಇನ್ನು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ. ಮತ್ತಾಯ 27:5ರಲ್ಲಿ ಅವನು ಬೆಳ್ಳಿ ನಾಣ್ಯಗಳನ್ನು ನಾವೊಸ್‌ಗೆ ಎಸೆದು ಹೋಗುತ್ತಾನೆ. ಹೊರಗೆ ನಿಂತು ಒಳಗೆ ಎಸೆದ ಎನ್ನಬಹುದು, ಅಥವಾ ಮತ್ತಾಯ ಇಲ್ಲಿ ಪದವನ್ನು ಸ್ವಲ್ಪ ಸಡಿಲವಾಗಿ ಬಳಸಿದ್ದಾನೆ ಎನ್ನಬಹುದು. ಎರಡೂ ಆಗುತ್ತದೆ. ಆದರೆ ಗರ್ಭಗುಡಿ ಎಂದು ಹಟ ಹಿಡಿದರೆ ನಾಣ್ಯ ತೆರೆ ದಾಟಿ ಮಹಾಪವಿತ್ರಸ್ಥಾನದಲ್ಲಿ ಬಿದ್ದಿರಬೇಕು. ಮುಂದಿನ ವಚನದಲ್ಲಿ ಮಹಾಯಾಜಕರು ಅದನ್ನು ಎತ್ತಿಕೊಂಡು ಲೆಕ್ಕಾಚಾರ ಮಾಡುತ್ತಾರೆ. ವರ್ಷಕ್ಕೊಂದೇ ದಿನ ಹೋಗುವ ಜಾಗದಿಂದ ಎತ್ತಿಕೊಂಡು ಬಂದರೇ?

ಯೋಹಾನ 2:20 ಕೂಡ ನೋಡಿ. ‘ಈ ನಾವೊಸ್ ಕಟ್ಟಲು 46 ವರ್ಷ ಹಿಡಿಯಿತು’ ಎಂದು ಯೆಹೂದ್ಯರು ಯೇಸುವಿಗೆ ಹೇಳುತ್ತಾರೆ. ಆದರೆ ಇತಿಹಾಸಕಾರ ಜೋಸೆಫಸ್ ಹೇಳುವ ಲೆಕ್ಕದಲ್ಲಿ ಆ ಕಟ್ಟಡ ಮಾತ್ರ ಒಂದೂವರೆ ವರ್ಷದಲ್ಲಿ ಮುಗಿದಿತ್ತು. ಬೇರೆಯವರು ಅಲ್ಲಿ ಕಾಲಿಡುವಂತಿಲ್ಲ ಎಂದು ಸಾವಿರ ಯಾಜಕರಿಗೇ ಕಲ್ಲುಕೆಲಸ, ಮರಗೆಲಸ ಕಲಿಸಿದ್ದರಂತೆ. ಯಾಜಕರು ಉಳಿ ಹಿಡಿದು ಕೂತ ಆ ದೃಶ್ಯ ನನಗೆ ತುಂಬಾ ಇಷ್ಟ. ವರ್ಷಗಟ್ಟಲೆ ಎಳೆದದ್ದು ಸುತ್ತಲಿನ ಕೆಲಸ. ಹಾಗಾದರೆ 46 ವರ್ಷದ ಮಾತಿನಲ್ಲಿ ನಾವೊಸ್ ಇಡೀ ಆವರಣವನ್ನೇ ಸೂಚಿಸುತ್ತಿರುವ ಹಾಗಿದೆ. ‘ಕಟ್ಟಿ 46 ವರ್ಷ ಆಯಿತು’ ಎಂದು ಓದುವವರೂ ಇದ್ದಾರೆ. ಹಾಗೆ ಓದಿದರೂ ಅದು ಒಳಕೋಣೆಯೊಂದರ ಮಾತಾಗುವುದಿಲ್ಲ.

ಅಂದರೆ ನಾವೊಸ್ ಬೇಕಾದಾಗ ಅಗಲವಾಗುತ್ತದೆ. ಹಾಗೆಯೇ ಹಿಯೆರೊನ್ ಬೇಕಾದಾಗ ಕಿರಿದಾಗುತ್ತದೆ. ಇದಕ್ಕೆ ಕಲ್ಲಿನಲ್ಲೇ ಸಾಕ್ಷಿ ಇದೆ. 1871ರಲ್ಲಿ ಕ್ಲೆರ್ಮೋನ್ ಗಾನೋ ಎಂಬ ಫ್ರೆಂಚ್ ವಿದ್ವಾಂಸ ಯೆರೂಸಲೇಮಿನಲ್ಲಿ ಒಂದು ಸುಣ್ಣಕಲ್ಲಿನ ಹಲಗೆ ಕಂಡುಹಿಡಿದರು. ಈಗ ಅದು ಇಸ್ತಾಂಬುಲ್‌ನ ಪುರಾತತ್ವ ಮ್ಯೂಸಿಯಮ್ಮಿನಲ್ಲಿದೆ. ಏಳು ಸಾಲು, ದಪ್ಪ ಗ್ರೀಕ್ ಅಕ್ಷರ, ಪದಗಳ ನಡುವೆ ಬಿಡುವೇ ಇಲ್ಲ. ಹೊರಗಿನ ಅಂಗಳಕ್ಕೂ ಒಳಗಿನ ಅಂಗಳಗಳಿಗೂ ನಡುವೆ ಇದ್ದ ಗೋಡೆಯ ಎಚ್ಚರಿಕೆ ಫಲಕ ಅದು. ಹಿಯೆರೊನ್ ಸುತ್ತಲಿನ ಅಡ್ಡಗೋಡೆಯ ಒಳಗೆ ಅನ್ಯಜನಾಂಗದ ಯಾರೂ ಬರಬಾರದು, ಸಿಕ್ಕಿಬಿದ್ದರೆ ಆಮೇಲೆ ಬರುವ ಸಾವಿಗೆ ಅವನೇ ಹೊಣೆ ಎಂಬುದು ಅದರ ಸಾರಾಂಶ. ಗಮನಿಸಿ, ಇಲ್ಲಿ ಹಿಯೆರೊನ್ ಅಂದರೆ ಗೋಡೆಯ ಒಳಗಿನ ಭಾಗ ಮಾತ್ರ. ಹೊರಗಿನ ಅಂಗಳ ಸೇರಿಲ್ಲ. ಅಪೊಸ್ತಲರ ಕೃತ್ಯಗಳು 21:28ರಲ್ಲಿ ಅಪೊಸ್ತಲ ಪೌಲನ ಮೇಲೆ ಬಂದ ಆರೋಪವೂ ಇದೇ. ಗ್ರೀಕರನ್ನು ಹಿಯೆರೊನ್ ಒಳಗೆ ಕರೆದುಕೊಂಡು ಬಂದ ಎಂದು ಕೂಗುತ್ತಾರೆ. ಹೊರಗಿನ ಅಂಗಳಕ್ಕೆ ಗ್ರೀಕರು ಬಂದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ‘ಹಿಯೆರೊನ್ ಇಡೀ ಕಾಂಪೌಂಡ್, ನಾವೊಸ್ ಗರ್ಭಗುಡಿ’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರಿಗೆ ಆ ಗಲಾಟೆ ಯಾಕೆ ಆಯಿತು ಎನ್ನುವುದೇ ಅರ್ಥವಾಗುವುದಿಲ್ಲ.

ಎಫೆಸಕ್ಕೂ ಒಂದು ಸುತ್ತು ಹೋಗಿ ಬರೋಣ. ಅಪೊಸ್ತಲರ ಕೃತ್ಯಗಳು 19ರಲ್ಲಿ ಅಕ್ಕಸಾಲಿಗ ದೇಮೇತ್ರಿಯ ಅರ್ತೆಮೀದೇವಿಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದ. ಅವುಗಳನ್ನು ಲೂಕ ಕರೆದದ್ದು ನಾವೊಸ್ ಎಂದೇ. ನಿಜವಾದ ದೊಡ್ಡ ದೇವಸ್ಥಾನವನ್ನು 27ನೇ ವಚನದಲ್ಲಿ ಹಿಯೆರೊನ್ ಎನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಎಫೆಸ ಪಟ್ಟಣಕ್ಕೆ ‘ನೆಯೊಕೊರೊಸ್’ ಎಂಬ ಬಿರುದೂ ಇದೆ. ಅದರೊಳಗೆ ಕೂತಿರುವುದು ಇದೇ ನಾವೊಸ್. ದೇವಸ್ಥಾನದ ಕಸ ಗುಡಿಸುವವರು ಎಂಬುದು ಅದರ ಮೂಲ ಅರ್ಥ ಎನ್ನುತ್ತಾರೆ. ಒಂದು ದೊಡ್ಡ ಪಟ್ಟಣ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು.

ಹಾಗಾದರೆ ಗರ್ಭಗುಡಿಯ ಮಾತು ಎಲ್ಲಿಂದ ಬಂತು? ಹೆಚ್ಚಾಗಿ ವಾಸ್ತುಶಿಲ್ಪದ ಪುಸ್ತಕಗಳಿಂದ ಎನ್ನುವುದು ನನ್ನ ಅಭಿಪ್ರಾಯ. ಗ್ರೀಕ್ ದೇವಸ್ಥಾನಗಳ ನಕ್ಷೆಯಲ್ಲಿ ಮುಂದಿನ ಮಂಟಪಕ್ಕೆ ‘ಪ್ರೊನಾವೊಸ್’, ಮೂರ್ತಿ ಇರುವ ಕೋಣೆಗೆ ‘ನಾವೊಸ್’ ಎಂದು ಗುರುತು ಹಾಕಿರುತ್ತಾರೆ. ಅದು ನಕ್ಷೆಯವರ ಪರಿಭಾಷೆ. ಅದನ್ನು ತಂದು ಯೆರೂಸಲೇಮಿನ ಮೇಲೆ ಇಟ್ಟರೆ ಹೊಂದುವುದಿಲ್ಲ. ನಮ್ಮಲ್ಲಿ ಹೋಲಿಕೆ ಕೊಡಲೇಬೇಕು ಎಂದರೆ ಪ್ರಾಕಾರದ ನಡುವೆ ನಿಂತ ಇಡೀ ಗುಡಿಯನ್ನು ನಾವೊಸ್ ಎನ್ನಿ. ನವರಂಗ, ಸುಕನಾಸಿ, ಗರ್ಭಗುಡಿ ಎಲ್ಲ ಅದರೊಳಗೇ ಬಂತು. ಇವತ್ತಿಗೂ ಗ್ರೀಸ್‌ನಲ್ಲಿ ಚರ್ಚುಗಳ ಬೋರ್ಡ್ ಮೇಲೆ ‘ಇಯೆರೊಸ್ ನಾವೊಸ್’ ಎಂದು ಬರೆದಿರುತ್ತಾರೆ. ಪವಿತ್ರ ಆಲಯ. ನಮ್ಮ ಎರಡೂ ಪದ ಒಂದೇ ಬೋರ್ಡಿನಲ್ಲಿ.

ಇಷ್ಟು ಹೇಳಿದ ಮೇಲೆ ಕೆಲವರ ಮುಖ ಬಾಡುತ್ತದೆ. ‘ಹಾಗಾದರೆ “ನೀವು ದೇವರ ಆಲಯ” ಎಂದು ಪೌಲ ಕೊರಿಂಥದವರಿಗೆ ಬರೆದದ್ದರ ತೂಕ ಕಡಿಮೆಯಾಯಿತಲ್ಲ?’ ಖಂಡಿತ ಇಲ್ಲ. ಪೌಲ ಅಲ್ಲಿ ನಾವೊಸ್ ಎಂದೇ ಬರೆದಿದ್ದಾನೆ. ಕೊರಿಂಥದಲ್ಲಿ ಅಪೊಲ್ಲೊ ದೇವಸ್ಥಾನ ಅವನ ಕಾಲಕ್ಕೇ ಆರು ಶತಮಾನ ಹಳೆಯದು. ಅದರ ಏಳು ಕಂಬ ಈಗಲೂ ನಿಂತಿವೆ, ಒಂದೊಂದೂ ಒಂದೇ ಕಲ್ಲಿನದು. ದಿನಾ ಅದನ್ನು ನೋಡುತ್ತಾ ಓಡಾಡುವ ಬಡ ಜನರಿಗೆ, ಗುಲಾಮರಿಗೆ, ‘ದೇವರ ಮನೆ ನೀವೇ’ ಎಂದರೆ ಹೇಗಾಗಿರಬೇಕು! ಇದಕ್ಕೆ ಒಳಕೋಣೆಯ ಸಹಾಯ ಬೇಕಿಲ್ಲ.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು. ಆ ‘ನೀವು’ ಯಾರು?

ಕನ್ನಡದಲ್ಲಿ ‘ನೀವು’ ಬಹುವಚನವೂ ಹೌದು, ಗೌರವದ ಏಕವಚನವೂ ಹೌದು. ಒಬ್ಬರೇ ಕೂತು 1 ಕೊರಿಂಥ 3:16 ಓದಿದರೆ ನಮ್ಮೊಬ್ಬರಿಗೇ ಮರ್ಯಾದೆಯಿಂದ ಹೇಳಿದ ಹಾಗೆ ಕೇಳಿಸುತ್ತದೆ. ಪೌಲನ ಗ್ರೀಕಿನಲ್ಲಿ ಗೌರವದ ಬಹುವಚನ ಇಲ್ಲ. ಒಬ್ಬನಿಗೆ ಹೇಳುವುದಾದರೆ ಏಕವಚನ, ಅದು ರಾಜನೇ ಆಗಲಿ. ಇಲ್ಲಿ ಇರುವುದು ನಿಜವಾದ ಬಹುವಚನ, ಆದರೆ ನಾವೊಸ್ ಮಾತ್ರ ಏಕವಚನ. ಜನ ಹಲವರು, ಆಲಯ ಒಂದೇ. ಆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ವಿಷಯ ಏನೆಂದು ಗೊತ್ತಾಗುತ್ತದೆ. ನಾನು ಪೌಲನವನು, ನಾನು ಅಪೊಲ್ಲೋಸನವನು (ಇವನು ಇನ್ನೊಬ್ಬ ಬೋಧಕ, ಆ ದೇವಸ್ಥಾನದ ದೇವರಲ್ಲ) ಎಂದು ಕೊರಿಂಥದ ಕ್ರೈಸ್ತ ಸಭೆಯವರು ಗುಂಪು ಕಟ್ಟಿಕೊಂಡು ಜಗಳ ಆಡುತ್ತಿದ್ದಾರೆ. 17ನೇ ವಚನದಲ್ಲಿ ‘ದೇವರ ಆಲಯವನ್ನು ಕೆಡಿಸುವವನು’ ಎಂದರೆ ಬೀಡಿ ಸೇದಿ ದೇಹ ಕೆಡಿಸಿಕೊಳ್ಳುವವನಲ್ಲ. ಸಭೆಯನ್ನು ಒಡೆಯುವವನು.

ದೇಹದ ಮಾತು ಬರುವುದು 6:19ರಲ್ಲಿ. ಅಲ್ಲೂ ನಾವೊಸ್ ಪದವೇ ಇದೆ, ಆದರೆ ಸಂದರ್ಭ ಬೇರೆ, ಜಾರತ್ವದ ವಿಷಯ. ಎರಡನ್ನೂ ಸೇರಿಸಿ ಒಂದೇ ಪ್ರಸಂಗ ಮಾಡಿದಾಗ 3ನೇ ಅಧ್ಯಾಯದ ಮಾತು ಕಾಣೆಯಾಗುತ್ತದೆ. ಸಭೆಯಲ್ಲಿ ಎರಡು ಗುಂಪು ಮಾತು ಬಿಟ್ಟಿರುವ ಕಡೆ ಅದು ತುಂಬಾ ಬೇಕಾದ ಮಾತು. ಮುಂದಿನ ಸಲ ಸಭೆಯಲ್ಲಿ ಆ ವಚನ ಓದುವ ಸರದಿ ನಿಮಗೆ ಬಂದರೆ ‘ನೀವು’ ಇರುವಲ್ಲಿ ಮನಸ್ಸಿನಲ್ಲಿ ‘ನೀವೆಲ್ಲ ಸೇರಿ’ ಎಂದು ಇಟ್ಟುಕೊಂಡು, ಎದುರು ಕೂತವರ ಮುಖ ನೋಡುತ್ತಾ ಓದಿ.