ಮೀಟ್‌ಬಾಲ್ ಸ್ಯಾಂಡ್‌ವಿಚ್: ರಸ ಉಂಡೆಯಲ್ಲಿರಲಿ, ಬ್ರೆಡ್ಡಿಗೆ ಇಳಿಯದಿರಲಿ

ಮನೆಯಲ್ಲಿ ಮಾಡಿದ ಬಿಸಿ ಮೀಟ್‌ಬಾಲ್ ಸ್ಯಾಂಡ್‌ವಿಚ್ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಎರಡು. ಕೈಮಾ ಉಂಡೆ ಒಣಗಿ ರಬ್ಬರಿನಂತಾಯಿತು, ಬ್ರೆಡ್ ನೆನೆದು ಮುದ್ದೆಯಾಯಿತು. ಎರಡರ ಮೂಲವೂ ಒಂದೇ. ಮಾಂಸದೊಳಗೆ ಉಳಿಯಬೇಕಿದ್ದ ನೀರು ಹೊರಗೆ ಬಂದಿದೆ, ಸಾಸ್‌ನಿಂದ ಆರಿಹೋಗಬೇಕಿದ್ದ ನೀರು ಅಲ್ಲೇ ಉಳಿದಿದೆ, ಎರಡೂ ಸೇರಿ ಬ್ರೆಡ್ಡಿಗೆ ಇಳಿದಿವೆ. ಮಸಾಲೆಯಲ್ಲಿ ಹೆಚ್ಚುಕಮ್ಮಿಯಾದರೆ ನಡೆಯುತ್ತದೆ. ನೀರಿನ ಲೆಕ್ಕ ತಪ್ಪಿದರೆ ಈ ತಿಂಡಿ ಕೈಗೆ ಹತ್ತುವುದಿಲ್ಲ.

ಐದು ಸ್ಯಾಂಡ್‌ವಿಚ್‌ಗೆ ಸುಮಾರು 15 ಸೆಂಟಿಮೀಟರ್ ಉದ್ದದ ಐದು ಬ್ರೆಡ್ ರೋಲ್‌ಗಳು ಮತ್ತು 500 ಗ್ರಾಂ ಕೈಮಾ ಬೇಕು. ದನ, ಹಂದಿ, ಕುರಿ ಯಾವುದಾದರೂ ಸರಿ, ಎರಡನ್ನು ಬೆರೆಸಿದರೂ ಸರಿ. ಆದರೆ ಐದರಲ್ಲಿ ಒಂದು ಪಾಲಿನಷ್ಟು ಕೊಬ್ಬು ಇರಲೇಬೇಕು. ಕೊಬ್ಬಿಲ್ಲದ ಕೈಮಾ ಎಷ್ಟು ಜಾಗ್ರತೆಯಿಂದ ಬೇಯಿಸಿದರೂ ಬಾಯಲ್ಲಿ ಒಣಒಣ ಅನ್ನಿಸುತ್ತದೆ. ರೋಲ್‌ಗಳನ್ನು ಪಕ್ಕದಿಂದ ಕತ್ತರಿಸದೆ ಮೇಲಿನಿಂದ ಉದ್ದಕ್ಕೆ ಸೀಳಿ, ತಳ ತೂತಾಗದಂತೆ ಒಂದೂವರೆ ಸೆಂಟಿಮೀಟರ್ ಬಿಟ್ಟುಬಿಡಿ. ಒಳಗಿನ ಮೆದು ತಿರುಳನ್ನು ರೋಲ್ ಒಂದಕ್ಕೆ 10 ಗ್ರಾಂನಂತೆ ಕೆರೆದು ತೆಗೆಯಿರಿ. ಉಂಡೆ ಕೂರಲು ತಗ್ಗು ಆಯಿತು, ಜೊತೆಗೆ 50 ಗ್ರಾಂ ತಿರುಳೂ ಸಿಕ್ಕಿತು. ಉಂಡೆಯ ಮೆದುತನ ನಿಂತಿರುವುದು ಈ ತಿರುಳಿನ ಮೇಲೆಯೇ.

ತಿರುಳಿಗೆ 80 ಮಿಲಿಲೀಟರ್ ಹಾಲು ಹಾಕಿ ಹತ್ತು ನಿಮಿಷ ಬಿಟ್ಟು, ಗಂಟಿಲ್ಲದಂತೆ ಕಿವುಚಿ. ಮಾಂಸ ಬಿಸಿಯಾದಾಗ ಏನಾಗುತ್ತದೆ ಎಂದು ತಿಳಿದರೆ ಇದು ಯಾಕೆ ಬೇಕು ಎನ್ನುವುದು ಅರ್ಥವಾಗುತ್ತದೆ. ಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನ್ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗತೊಡಗುತ್ತದೆ. 65 ಡಿಗ್ರಿ ದಾಟಿದ ಮೇಲೆ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನ್ ಕೂಡ ಬಿಗಿಯುತ್ತದೆ. ಬಟ್ಟೆ ಹಿಂಡಿದ ಹಾಗೆ ಮಾಂಸ ತನ್ನ ನೀರನ್ನು ತಾನೇ ಹಿಂಡಿಕೊಳ್ಳುತ್ತದೆ. ಹಾಲು ಕುಡಿದ ತಿರುಳು ಮಾಂಸದ ಕಣಗಳ ನಡುವೆ ಕೂತು ಅವು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳದಂತೆ ತಡೆಯುತ್ತದೆ. ಮಾಂಸದಿಂದ ಹೊರಬಿದ್ದ ರಸವನ್ನು ತಿರುಳಿನ ಪಿಷ್ಟವೇ ಹೀರಿ ಉಂಡೆಯೊಳಗೆ ಉಳಿಸಿಕೊಳ್ಳುತ್ತದೆ. ಒಣ ಬ್ರೆಡ್ ಪುಡಿಯನ್ನು ನೇರವಾಗಿ ಉದುರಿಸಿದರೆ ಈ ಕೆಲಸ ಆಗುವುದಿಲ್ಲ. ಅದು ಮೊದಲು ಮಾಂಸದ ನೀರನ್ನೇ ಎಳೆದುಕೊಂಡು ಅಲ್ಲಲ್ಲಿ ಗಂಟಾಗುತ್ತದೆ.

ಕಿವುಚಿದ ತಿರುಳಿಗೆ ಒಂದು ಮೊಟ್ಟೆ, 30 ಗ್ರಾಂ ತುರಿದ ಪಾರ್ಮೆಸಾನ್ ಚೀಸ್, ಬಾಡಿಸಿ ಆರಿಸಿದ ಒಂದು ಸಣ್ಣ ಈರುಳ್ಳಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಅರ್ಧ ಟೀ ಚಮಚ ಕಾಳುಮೆಣಸಿನ ಪುಡಿ, 7 ಗ್ರಾಂ ಉಪ್ಪು (ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು) ಸೇರಿಸಿ ಕಲಸಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಕೈಮಾ ಕೊನೆಗೆ ಬೀಳಬೇಕು. ಈ ಅನುಕ್ರಮ ತಪ್ಪಿಸಬೇಡಿ. ಉಪ್ಪು ಮಯೋಸಿನ್ ಅನ್ನು ಕರಗಿಸಿ ಅಂಟಾಗಿಸುತ್ತದೆ. ಉಪ್ಪು ಬಿದ್ದ ಮಾಂಸವನ್ನು ನಾದಿದಷ್ಟೂ ಆ ಅಂಟು ಬಲೆಯಂತೆ ಹಬ್ಬುತ್ತದೆ. ಸಾಸೇಜ್‌ಗೆ ಅದೇ ಬೇಕು, ಇಲ್ಲಿ ಬೇಡ. ಆದ್ದರಿಂದ ಬೆರಳುಗಳನ್ನು ಅಗಲಿಸಿ ಹಿಡಿದು, ಅದುಮದೆ, ಒಂದು ನಿಮಿಷದೊಳಗೆ ಬೆರೆಸಿ ಮುಗಿಸಿ. ಬಿಳಿ ತಿರುಳಿನ ಗೆರೆಗಳು ಕಾಣದಾದರೆ ಸಾಕು. ಮಿಶ್ರಣ ಅಂಗೈಗೆ ಅಂಟಿ ನೂಲೆಳೆಯುತ್ತಿದ್ದರೆ ಹದ ಮೀರಿದೆ, ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ. ಉಪ್ಪು ನೋಡಬೇಕೆಂದರೆ ಹಸಿಯಾಗಿ ನಾಲಿಗೆಗೆ ಹಚ್ಚಬೇಡಿ. ನಾಣ್ಯದಷ್ಟನ್ನು ಬಾಣಲೆಯಲ್ಲಿ ಬೇಯಿಸಿ ರುಚಿ ನೋಡಿ.

ಕೈಗೆ ಎಣ್ಣೆ ಸವರಿಕೊಂಡು 35 ಗ್ರಾಂನ ಉಂಡೆ ಕಟ್ಟಿ. ಅಡ್ಡಳತೆ 4 ಸೆಂಟಿಮೀಟರ್ ಬರುತ್ತದೆ, ಒಟ್ಟು ಇಪ್ಪತ್ತರಷ್ಟು ಆಗುತ್ತವೆ. ಬೆಂದು ತುಸು ಕುಗ್ಗಿದ ಮೇಲೆ ರೋಲ್‌ನಲ್ಲಿ ನಾಲ್ಕು ಸರಿಯಾಗಿ ಕೂರುತ್ತವೆ. ಇದಕ್ಕಿಂತ ದೊಡ್ಡದು ಮಾಡಿದರೆ ಕಚ್ಚಿದಾಗ ಹಿಂದಿನಿಂದ ಜಾರಿ ಬೀಳುವುದು ಖಂಡಿತ. ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಕೊಬ್ಬು ಗಟ್ಟಿಯಾಗಿ ಆಕಾರ ನಿಲ್ಲುತ್ತದೆ.

ಕಂದುಬಣ್ಣ ಬರಿಸುವುದು ಮುಂದಿನ ಕೆಲಸ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಯ್ ಮಯಾರ್ 1912ರಲ್ಲಿ ವಿವರಿಸಿದ, ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಕ್ರಿಯೆಯೇ ಹುರಿದ ಮಾಂಸದ ಘಮಕ್ಕೆ ಕಾರಣ. ಇದು ಚುರುಕಾಗಲು ಮೇಲ್ಮೈ ಸುಮಾರು 140 ಡಿಗ್ರಿ ಮುಟ್ಟಬೇಕು, ಆದರೆ ಮೇಲ್ಮೈ ಒದ್ದೆಯಿರುವ ತನಕ ಬಿಸಿ 100ರ ಆಚೆ ಏರುವುದಿಲ್ಲ. ಉಂಡೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಒಂದರ ಆವಿಯಲ್ಲಿ ಇನ್ನೊಂದು ಬೇಯುತ್ತದೆ, ಬಣ್ಣ ಬೂದಿಯಾಗಿಯೇ ಉಳಿಯುತ್ತದೆ. ಎರಡೆರಡು ಬೆರಳು ಅಂತರ ಬಿಟ್ಟು, ಎಣ್ಣೆ ಸವರಿದ ತಟ್ಟೆಯಲ್ಲಿ 230 ಡಿಗ್ರಿ ಓವನ್‌ನಲ್ಲಿ 12 ನಿಮಿಷ ಇಡಿ. ಬಾಣಲೆಯಲ್ಲೂ ಆಗುತ್ತದೆ, ಆದರೆ ಉಂಡೆ ಚಪ್ಪಟೆಯಾಗುತ್ತದೆ.

ಅಷ್ಟರಲ್ಲಿ ಸಾಸ್. ಟೊಮೆಟೊದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ನೀರು, ಅದನ್ನು ಒಲೆಯ ಮೇಲೆಯೇ ಓಡಿಸಬೇಕು. 1 ಕೆ.ಜಿ. ಹಣ್ಣನ್ನು ಹೆಚ್ಚಿ ಹಾಗೇ ಬಿಟ್ಟರೆ ಅದರದೇ ಕಿಣ್ವಗಳು ರಸವನ್ನು ಮಂದವಾಗಿಡುವ ಪೆಕ್ಟಿನ್ ಎಂಬ ನಾರಿನಂಶವನ್ನು ಒಡೆದು ಸಾಸ್ ನೀರುನೀರಾಗುತ್ತದೆ. ಹೆಚ್ಚಿದ ಕೂಡಲೇ ಬಿಸಿ ಬಾಣಲೆಗೆ ಹಾಕಿ ಬೇಗ ಕುದಿಸಿದರೆ ಆ ಕಿಣ್ವಗಳು ನಿಷ್ಕ್ರಿಯವಾಗುತ್ತವೆ, ಸಾಸ್‌ಗೆ ಮೈ ಬರುತ್ತದೆ. ಮೊದಲು 3 ದೊಡ್ಡ ಚಮಚ ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, 2 ದೊಡ್ಡ ಚಮಚ ಟೊಮೆಟೊ ಪೇಸ್ಟ್ ಹಾಕಿ ಬಣ್ಣ ಗಾಢವಾಗುವವರೆಗೆ ಹುರಿದು, ಆಮೇಲೆ ಹಣ್ಣು ಸೇರಿಸಿ. ಹುಳಿ ಮುರಿಯಲೆಂದು ಸಕ್ಕರೆ ಸುರಿಯುವುದಕ್ಕಿಂತ ಈರುಳ್ಳಿಯನ್ನು ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಬಾಡಿಸುವುದು ಎಷ್ಟೋ ಮೇಲು. ಬಾಣಲೆಯ ತಳದಲ್ಲಿ ಚಮಚದಿಂದ ಗೆರೆ ಎಳೆದಾಗ ಆ ಗೆರೆ ಎರಡು ಸೆಕೆಂಡು ಮುಚ್ಚಿಕೊಳ್ಳದೆ ನಿಂತರೆ ಹದ ಬಂದಂತೆ.

ಕಂದಾದ ಉಂಡೆಗಳನ್ನು ಸಾಸ್‌ಗೆ ಇಳಿಸಿ, ಕೊತಕೊತ ಕುದಿಸದೆ, ಅಂಚಿನಲ್ಲಿ ಒಂದೊಂದೇ ಗುಳ್ಳೆ ಏಳುವಷ್ಟು ಉರಿಯಲ್ಲಿ ಐದರಿಂದ ಹತ್ತು ನಿಮಿಷ ಬಿಡಿ. ಉಂಡೆಯ ನಡುಭಾಗ 71 ಡಿಗ್ರಿ ತಲುಪಲೇಬೇಕು, ಕೋಳಿ ಕೈಮಾ ಆದರೆ 74. ಇಡೀ ತುಂಡಿನ ಮಾಂಸದಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಕೈಮಾ ಮಾಡಿದಾಗ ಅವು ಒಳಗೆಲ್ಲ ಸೇರುತ್ತವೆ. ಬಣ್ಣ ನೋಡಿ ಬೆಂದಿದೆ ಎನ್ನುವುದು ಅಪಾಯ. ಕೆಲವು ಕೈಮಾ 71 ಮುಟ್ಟುವ ಮೊದಲೇ ಕಂದಾಗುತ್ತದೆ, ಕೆಲವೊಮ್ಮೆ ಪೂರ್ತಿ ಬೆಂದರೂ ನಸುಗೆಂಪು ಉಳಿಯುತ್ತದೆ. ಅಡುಗೆ ಥರ್ಮಾಮೀಟರ್ ಚುಚ್ಚಿ ನೋಡುವುದೊಂದೇ ದಾರಿ. 80 ದಾಟಿದರೆ ಮಾತ್ರ ತಿರುಳು ಎಷ್ಟೇ ಹಿಡಿದಿಟ್ಟರೂ ರಸ ಹರಿದುಹೋಗುತ್ತದೆ.

ಈಗ ಬ್ರೆಡ್ಡಿನ ರಕ್ಷಣೆ. ತಿರುಳಿನ ಸೂಕ್ಷ್ಮ ರಂಧ್ರಗಳು ದ್ರವವನ್ನು ಸೆಳೆದುಕೊಳ್ಳುತ್ತವೆ. ಸೀಳಿದ ರೋಲ್‌ಗಳನ್ನು 200 ಡಿಗ್ರಿಯಲ್ಲಿ 4–5 ನಿಮಿಷ ಒಣ ಬಿಸಿ ಮಾಡಿದರೆ ರಂಧ್ರಗಳ ಗೋಡೆ ಗಟ್ಟಿಯಾಗುತ್ತದೆ. ಸ್ವಲ್ಪ ನೆನೆದರೂ ಕುಸಿಯುವುದಿಲ್ಲ. ಆದರೆ ನೀರನ್ನು ನಿಜವಾಗಿ ತಡೆಯುವುದು ಜಿಡ್ಡು. ಒಳಮೈಗೆ ಬೆಣ್ಣೆಯನ್ನು ತೆಳುವಾಗಿ ಸವರಿ, ಅದರ ಮೇಲೆ ರೋಲ್ ಒಂದಕ್ಕೆ 20 ಗ್ರಾಂ ಮೊಝರೆಲ್ಲಾ ಹರಡಿ, ಎರಡು ನಿಮಿಷ ಓವನ್‌ಗೆ ಮರಳಿಸಿ. ಕರಗಿದ ಚೀಸ್ ತಗ್ಗಿನೊಳಗೆ ಪೂರ್ತಿ ಅಸ್ತರಿಯಂತೆ ಹಬ್ಬಿರಬೇಕು, ಎಲ್ಲೂ ಬರಿ ಬ್ರೆಡ್ ಕಾಣಬಾರದು. ಚೀಸನ್ನು ಮೇಲೆ ಮಾತ್ರ ಹಾಕುವ ರೂಢಿ ನೋಟಕ್ಕೆ ಚೆಂದ, ಬ್ರೆಡ್ಡಿಗೆ ಉಪಯೋಗವಿಲ್ಲ.

ನೀರಿನಲ್ಲಿ ತೇಲಿಸಿ ಮಾರುವ ತಾಜಾ ಮೊಝರೆಲ್ಲಾ ಇಲ್ಲಿಗೆ ಹೊಂದುವುದಿಲ್ಲ, ಅದರ ಅರ್ಧಕ್ಕೂ ಹೆಚ್ಚು ತೂಕ ನೀರೇ. ತೇವ ಕಡಿಮೆಯಿರುವ ಗಟ್ಟಿ ಬಗೆಯದನ್ನು ತಂದು ನೀವೇ ತುರಿಯಿರಿ. ತುರಿದೇ ಬರುವ ಪೊಟ್ಟಣದ ಚೀಸ್‌ಗೆ ಅಂಟದಿರಲೆಂದು ಪಿಷ್ಟ ಅಥವಾ ಸೆಲ್ಯುಲೋಸ್ ಬೆರೆಸಿರುತ್ತಾರೆ, ಹಾಗಾಗಿ ನಯವಾಗಿ ಕರಗುವುದಿಲ್ಲ.

ಉಂಡೆಗಳನ್ನು ಸಾಸ್‌ನಿಂದ ಎತ್ತಿ, ಹೆಚ್ಚಿನದನ್ನು ಸೋರಲು ಬಿಟ್ಟು, ನಾಲ್ಕರಂತೆ ಸಾಲಾಗಿ ಕೂರಿಸಿ. ಮೇಲೆ 2 ದೊಡ್ಡ ಚಮಚ ಸಾಸ್ ಸಾಕು. ಉಳಿದದ್ದು ಬಟ್ಟಲಲ್ಲಿ ಪಕ್ಕಕ್ಕಿರಲಿ, ಬೇಕಾದವರು ಅದ್ದಿಕೊಳ್ಳಲಿ. ಇನ್ನೊಂದು 25 ಗ್ರಾಂ ಚೀಸ್ ಉದುರಿಸಿ 220 ಡಿಗ್ರಿಯಲ್ಲಿ 4–5 ನಿಮಿಷ. ಚೀಸ್ ಕರಗಿ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ ಬಂದಾಗ ತೆಗೆಯಿರಿ. ಅದಕ್ಕಿಂತ ಹೊತ್ತಾದರೆ ಚೀಸ್‌ನ ಪ್ರೋಟೀನ್ ಬಿಗಿದು ಕೊಬ್ಬು ಎಣ್ಣೆಯಾಗಿ ಹೊರಗೆ ಹರಿಯುತ್ತದೆ. ಎರಡು ನಿಮಿಷ ಆರಲು ಬಿಟ್ಟು ಕೈಗೆತ್ತಿಕೊಳ್ಳಿ.

ಕಟ್ಟಿಕೊಂಡು ಹೋಗುವುದಿದ್ದರೆ ಜೋಡಿಸಿದ ಸ್ಯಾಂಡ್‌ವಿಚ್ಚನ್ನು ಫಾಯಿಲ್‌ನಲ್ಲಿ ಸುತ್ತಬೇಡಿ, ಒಳಗಿನ ಆವಿ ನೀರಾಗಿ ಬ್ರೆಡ್ಡಿನ ಮೇಲೇ ಬೀಳುತ್ತದೆ. ಉಂಡೆ ಮತ್ತು ಸಾಸ್ ಒಂದು ಡಬ್ಬಿಯಲ್ಲಿ, ಬ್ರೆಡ್ ಬೇರೆ. ಉಳಿದ ಉಂಡೆಗಳು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಸಾಸ್‌ನೊಳಗೇ ಮುಳುಗಿಸಿಟ್ಟರೆ ಒಣಗದೆ ಮೂರು ದಿನ ಚೆನ್ನಾಗಿರುತ್ತವೆ. ಮತ್ತೆ ತಿನ್ನುವಾಗ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ನಡುಭಾಗ 74 ಡಿಗ್ರಿಗೆ ಬರುವವರೆಗೆ ಬಿಸಿ ಮಾಡಿ, ರೋಲ್ ಅನ್ನು ಆಗಲೇ ಹೊಸದಾಗಿ ಬಿಸಿ ಮಾಡಿಕೊಳ್ಳಿ.